ಮೂರನೆಯ ಅಳು

ರೇಪಲ್ಲೆ
ಜೂನ್ ೧೧

ಚಿರಂಜೀವಿ ಹೈಮಾವತಿಗೆ ನಿನ್ನ ಅಪ್ಪ ಪಾನಕಾಲರಾವು ಮಾಡುವ ಅನೇಕ ಆಶೀರ್ವಾದಗಳು.

ತೆರೆ ಎದ್ದಿತು, ಮಗಳೇ. ನಿನ್ನೆ ಸಂಜೆ ಟಿ.ವಿ.ಯವರು ‘ಪಾಟಲ ಪಂದೆಂ’ ಎಂದು ಕಹಳೆ ಊದಿ, ಹೊಗೆ ಬಿಟ್ಟು, ಆ ಹೊಗೆಯೊಳಗಿಂದ ನೀನು ನಡೆದು ಬಂದಾಗ ನಮ್ಮ ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿತ್ತು. ಕುರ್ಚಿ ಸಾಲದೆ, ನಮ್ಮ ನಾಟಕದ ಸಾಮಾನಿನ ಅಂಗಡಿಯಲ್ಲಿ ಬಾಡಿಗೆಗೆ ಕೊಡುವ ಸಿಂಹಾಸನಗಳೆರಡನ್ನು ಹೊರಿಸಿಕೊಂಡು ಬಂದೆ. ಒಂದರ ಮೇಲೆ ಪೋಸ್ಟ್‌ಮಾಸ್ತರರು ವಿರಾಜಮಾನರಾದರು. ಇನ್ನೊಂದರ ಮೇಲೆ, ಒಡಹುಟ್ಟದಿದ್ದರೂ ನಿನಗೆ ಚಿಕ್ಕಪ್ಪನಾದ ಸಿಲಾರು ಬಾಬಾಯಿ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ, ನೀನು ಹೈದರಾಬಾದಿನಲ್ಲಿ ಶ್ರುತಿ ತಪ್ಪಿದರೆ ಇಲ್ಲಿಂದಲೇ ಹಿಡಿದು ಕೊಡುವವನ ಹಾಗೆ. ನೀನು ತಪ್ಪಲಿಲ್ಲ. ಅವನು ಪೆಟ್ಟಿಗೆ ತೆರೆಯಲೂ ಇಲ್ಲ.

ಹಾಡುಗಳ ಪಂದ್ಯ ಎಂಬ ಹೆಸರು ಕೇಳಿ ನಿನ್ನಮ್ಮ, “ಸಂಕ್ರಾಂತಿ ಹುಂಜದ ಹಾಗೆ ಹುಡುಗರ ಕಾಲಿಗೆ ಚೂರಿ ಕಟ್ಟಿ ಬಿಡ್ತಾರೇನ್ರಿ?” ಎಂದು ಕೇಳಿದಳು. ಆಮೇಲೆ ನಿನ್ನನ್ನು ಕಣ್ಣು ಕಿರಿದು ಮಾಡಿ ನೋಡಿ, “ಸೊರಗಿದಾಳೆ” ಎಂದಳು. ಹೋಗಿ ನಾಲ್ಕು ದಿನವಾಗಿಲ್ಲ, ಸೊರಗುವುದು ಎಲ್ಲಿಂದ ಬಂತು?

ನಿಮ್ಮೆಲ್ಲರ ಫೋನು ಕಿತ್ತುಕೊಂಡು ಒಂದೇ ಮನೆಯಲ್ಲಿ ಇಟ್ಟಿದ್ದಾರಂತೆ, ಕಾಗದ ಬರೆದರೆ ಮಾತ್ರ ತಲುಪಿಸುತ್ತಾರಂತೆ. ಬಹಳ ಒಳ್ಳೆಯದಾಯಿತು. ಫೋನಿನೊಳಗೆ ನನ್ನ ಧ್ವನಿ ಎಂದೂ ಹಿಡಿಸಿಲ್ಲ.

ಎರಡು ಮಾತು ಮನಸ್ಸಿನಲ್ಲಿಡು. ಬಾಯಿ ತೆರೆಯುವ ಮುಂಚೆ ಕಡೆಯ ಸಾಲಿನ ಕಡೆಯ ಮನುಷ್ಯನನ್ನು ನೋಡು. ಅವನಿಗೆ ಮುಟ್ಟಿದರೆ ಮುಂದಿನವರಿಗೆ ತಾನಾಗಿ ಮುಟ್ಟುತ್ತದೆ. ಎರಡನೆಯದು, ಬಣ್ಣ ಹಚ್ಚಿದ ಮೇಲೆ ಅನ್ನ ಮುಟ್ಟಬೇಡ. ನಮ್ಮ ತಾತನ ಕಾಲದಿಂದ ನಾವು ಆಟದ ದಿನ ಉಪವಾಸ. ಪಾತ್ರ ಇಳಿದ ಮೇಲೆ ಅಮ್ಮ ಕ್ಯಾರಿಯರ್ ಬಿಚ್ಚಿ ಬಡಿಸಿದ್ದೇ ಊಟ. ಅಲ್ಲಿ ಅಮ್ಮ ಇಲ್ಲ. ಅದೊಂದು ಕೊರತೆಯನ್ನು ಬಿಟ್ಟರೆ ರಂಗ ಸಿದ್ಧವಾಗಿದೆ. ಹೋಗು, ಗೆದ್ದು ಬಾ.

ಕಡೆಯ ಸಾಲಿನಲ್ಲಿ ನಿಂತು ನೋಡುತ್ತಿರುವ ನಿನ್ನ ಅಪ್ಪ,
ಪಾನಕಾಲರಾವು, ರಾಜಪಾರ್ಟು


ಹೈದರಾಬಾದು
ಜುಲೈ ೨

ಅಪ್ಪನಿಗೆ ಹೈಮಾ ಮಾಡುವ ನಮಸ್ಕಾರ.

ಕಡೆಯ ಸಾಲಿನ ಮನುಷ್ಯನಿಗೆ ಮುಟ್ಟಿಸಿದೆ. ಅದಕ್ಕೇ ಬೈಸಿಕೊಂಡೆ. ಕಪ್ಪು ಕನ್ನಡಕದ ತೀರ್ಪುಗಾರರಿದ್ದಾರಲ್ಲ, ಅವರು, “ಅಮ್ಮಾ ಹೈಮಾ, ಇಲ್ಲಿ ಮೈಕ್ ಅಂತ ಒಂದು ಇಟ್ಟಿದೀವಿ. ವಿಜಯವಾಡಕ್ಕೆ ಕೇಳಿಸೋ ಹಾಗೆ ಹಾಡಬೇಕಾಗಿಲ್ಲ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕ್ಯಾಮೆರಾ ನನ್ನ ಮೇಲಿತ್ತು. ಎರಡು ವಾರದಿಂದ ಓಟಿನಲ್ಲಿ ನಾನೇ ಕಡೆಯವಳು. ಹೀಗೇ ಮುಂದುವರಿದರೆ ಮನೆಗೆ ಕಳಿಸುತ್ತಾರೆ.

ನನ್ನ ಕೋಣೆಯಲ್ಲಿ ಗೌರೀಶ್ವರಿ ಅಂತ ಶ್ರೀಕಾಕುಳಂ ಕಡೆಯ ಹುಡುಗಿ ಇದ್ದಾಳೆ. ಅವಳ ಅಪ್ಪ ಮೀನಿಗೆ ಹೋದವರು ವಾಪಸು ಬರಲಿಲ್ಲ. ಸಮುದ್ರದ ದಂಡೆಯಲ್ಲಿ ಅವಳ ಅಮ್ಮನನ್ನು ಕೂರಿಸಿ ಚಿತ್ರ ತೆಗೆದು ತೋರಿಸಿದ ಮೇಲೆ ಅವಳಿಗೆ ಓಟೋ ಓಟು. ನನ್ನನ್ನು ಕೇಳಿದಳು, “ನಿಂಗೇನೂ ನೋವಿಲ್ವೇನೇ? ಪಾಪ.” ಕುಚೋದ್ಯವಲ್ಲ ಅಪ್ಪ, ನಿಜವಾಗಿಯೂ ಮರುಗಿದಳು.

ಇಲ್ಲಿ ಪ್ರವಲ್ಲಿಕಾ ಅಂತ ಒಬ್ಬ ಮೇಡಂ ಇದ್ದಾರೆ. ಪ್ರತಿಯೊಬ್ಬರ ಜೀವನದ ಕಥೆ ಬರೆಯುವುದು ಅವರ ಕೆಲಸ. ಮೊನ್ನೆ ನನ್ನನ್ನೂ ಕೂರಿಸಿ ಕೇಳಿದರು. ಆಟದ ದಿನಗಳ ವಿಚಾರ ಒಂದಿಷ್ಟು ಹೇಳಿದೆ. ಅವರಿಗೆ ಹಿಡಿಸಿತು. ಈ ತಿಂಗಳಲ್ಲೇ ಅವರ ಜನ ಮನೆಗೆ ಬರುತ್ತಾರೆ. ಅವರು ಏನು ಕೇಳಿದರೂ ಹೂಂ ಅನ್ನಿ. ಹೇಗೆ ಹೇಳಿದರೆ ಹಾಗೆ ಮಾಡಿ. ಅಮ್ಮನನ್ನು ಮಾತ್ರ ಕ್ಯಾಮೆರಾದ ಮುಂದೆ ಮಾತಾಡಲು ಬಿಡಬೇಡಿ.

ಯಾಕೆ ಅಂತ ಕೇಳಬೇಡಿ. ಮನೆಗೆ ಬಂದು ಹೇಳುತ್ತೇನೆ.

ನಿಮ್ಮ ಮಗಳು,
ಹೈಮಾ


ರೇಪಲ್ಲೆ
ಜುಲೈ ೧೯

ಚಿರಂಜೀವಿ ಹೈಮಾವತಿಗೆ ಆಶೀರ್ವಾದಗಳು.

ಬಂದರು. ದಂಡೆತ್ತಿ ಬಂದರು. ಮೂರು ಕಾರು, ಛತ್ರಿಯಂಥ ದೀಪಗಳು, ತಲೆಯ ಮೇಲೆ ಜುಟ್ಟು ಕಟ್ಟಿದ ಒಬ್ಬ ತರುಣ ನಿರ್ದೇಶಕ. ನಾನು ಇಸ್ತ್ರಿ ಮಾಡಿದ ರೇಷ್ಮೆಯ ಜುಬ್ಬ ತೊಟ್ಟು ಬಾಗಿಲಲ್ಲಿ ನಿಂತಿದ್ದೆ. ಜುಟ್ಟಿನವನು ನನ್ನನ್ನು ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಒಳಗೆ ನೋಡಿದ.

“ಸಾರ್, ಆ ಫ್ರಿಜ್ಜು ಯಾರದು?”

“ನಮ್ಮದೇ.”

“ಒಂದೆರಡು ಗಂಟೆ ಬೇರೆ ಯಾರದಾದ್ರೂ ಮಾಡೋಕಾಗುತ್ತಾ?”

ಆಯಿತು. ಫ್ರಿಜ್ಜು ಪಕ್ಕದ ಸೀತಾರಾವಮ್ಮನ ಮನೆಗೆ ವಲಸೆ ಹೋಯಿತು. “ಒಳಗೆ ಸಿಗಡಿ ಇದೆ, ಹೋದ ತಕ್ಷಣ ಕರೆಂಟ್ ಹಾಕಿ” ಎಂದು ನಿನ್ನಮ್ಮ ಅದರ ಹಿಂದೆ ಓಡಿದಳು. ಪಂಖ ನಿಂತಿತು. ಗೋಡೆಯ ಮೇಲಿನ ಸನ್ಮಾನದ ಫಲಕಗಳು ಇಳಿದವು. ನನ್ನ ಜುಬ್ಬ ನೋಡಿ, “ಹಳೇದು ಇಲ್ವಾ ಸಾರ್?” ಎಂದರು. ನನ್ನಲ್ಲಿರುವ ಹರಿದ ಬಟ್ಟೆಯೆಂದರೆ ಒಂದೇ. ರಾಜ್ಯ ಕಳೆದುಕೊಂಡ ರಾಜ ಸ್ಮಶಾನ ಕಾಯುವ ಸೀನಿನಲ್ಲಿ ಹೊದೆಯುವ ಕಂಬಳಿಯ ಚೂರು. ಅದನ್ನೇ ಹೊದ್ದು ಬಂದೆ. “ಆಹಾ, ಇದೇ, ಇದೇ” ಎಂದು ಜುಟ್ಟಿನವನು ಕೈಮುಗಿದ. ಹೈಮಾ, ಆ ಕಂಬಳಿ ಹೆಗಲಿಗೆ ಬಿದ್ದರೆ ನನ್ನ ಬೆನ್ನು ತಾನಾಗಿ ಬಾಗುತ್ತದೆ. ನಾನು ಬಾಗಿಸಬೇಕಾಗಿಲ್ಲ.

ಮಗಳು ಅಂದರೆ ಮೊದಲು ಯಾವುದು ನೆನಪಿಗೆ ಬರುತ್ತದೆ ಎಂದು ಕೇಳಿದರು. ನೀನು ಐದು ವರ್ಷದ ಹೆಣವಾಗಿ ನನ್ನ ತೊಡೆಯ ಮೇಲೆ ಮಲಗುತ್ತಿದ್ದುದು ಹೇಳಿದೆ. ನಾನು ಸತ್ತ ರಾಜಕುಮಾರನನ್ನು ತಬ್ಬಿಕೊಂಡು ಪದ್ಯ ಎತ್ತಿ ರೋದಿಸುತ್ತಿದ್ದರೆ, ನೀನು ಬಟ್ಟೆಯ ಕೆಳಗಿನಿಂದ ಒಂದು ಬೆರಳು ತಂದು ನನ್ನ ಹೊಟ್ಟೆಗೆ ಕಚಗುಳಿ ಇಡುತ್ತಿದ್ದೆ. ಸಾವಿರ ಜನ ಕಣ್ಣೀರು ಹಾಕುತ್ತಿದ್ದಾರೆ, ನನಗೆ ನಗು ತಡೆಯುವುದೇ ಪ್ರಾಣಸಂಕಟ. ಅದನ್ನು ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಮೂಗು ಸೋರಿತು. ಕಂಬಳಿಯ ಚೂರಿನಿಂದಲೇ ಒರೆಸಿಕೊಂಡೆ.

ಜುಟ್ಟಿನವನು ಬಂದು ಮೆಲ್ಲಗೆ ಹೇಳಿದ, “ಅಳು ಸೂಪರ್ ಸಾರ್. ಕಚಗುಳಿ ಮಾತ್ರ ಬೇಡ, ಜನ ನಗ್ತಾರೆ. ಮಗು ಉಪವಾಸ ಇತ್ತಂತಲ್ಲ, ಅದನ್ನ ಹೇಳಿ. ಒನ್ಸ್ ಮೋರ್.”

ಒನ್ಸ್ ಮೋರ್. ಆ ಎರಡು ಶಬ್ದಕ್ಕೆ ನಾನು ಏನಾಗುತ್ತೇನೆಂದು ನಿನಗೆ ಗೊತ್ತು. ಆ ಕೂಗು ಬಂದರೆ ರಂಗದ ಮೇಲೆ ಸತ್ತವನೂ ಎದ್ದು ಪದ್ಯ ಹಾಡಿ ಮತ್ತೆ ಸಾಯುತ್ತಾನೆ. ಇಷ್ಟು ವರ್ಷದಲ್ಲಿ ಯಾರ ಒನ್ಸ್ ಮೋರನ್ನೂ ನಾನು ಕೆಳಗೆ ಹಾಕಿದವನಲ್ಲ. ಎರಡನೆಯ ಸಲ ಅತ್ತೆ. ಉಪವಾಸ ಎಂದೆ. ಇದ್ದದ್ದೇ ತಾನೆ? “ಮನೇಲಿ ಒಂದು ತುತ್ತೂ ಇರಲಿಲ್ಲ ಅನ್ನಿ ಸಾರ್. ಒನ್ಸ್ ಮೋರ್.” ಮೂರನೆಯ ಸಲ ಎತ್ತಿದೆ ನೋಡು. ‘ನನ್ನ ಕಂದ ಹಸಿದು ಈ ತೊಡೆಯ ಮೇಲೆ ಮಲಗಿತ್ತು, ಮನೆಯಲ್ಲಿ ಒಂದು ತುತ್ತು ಅನ್ನವಿರಲಿಲ್ಲ’ ಎಂದು. ದೀಪ ಹಿಡಿದವನೂ ಕಣ್ಣೊರೆಸಿಕೊಂಡ.

ಆಮೇಲೆ ಅವರೆಲ್ಲ ಕೈತೊಳೆದು ಸಾಲಾಗಿ ಕೂತರು. ನಿನ್ನಮ್ಮ ಬೆಳಗಿನಿಂದ ಮಾಡಿದ್ದಳು. ಗೋಂಗೂರ ಹಾಕಿದ ಸಿಗಡಿ, ಬೇಳೆಯ ಪಪ್ಪು, ಆವಕಾಯಿ, ಗಟ್ಟಿ ಮೊಸರು. ದೀಪದವನು, “ಅಮ್ಮಾ, ಸಿಗಡಿ ಇನ್ನೊಂದು ಸ್ವಲ್ಪ” ಎಂದು ಎರಡು ಸಲ ಕೇಳಿದ. ಬಡಿಸಿದಳು. ಕಾರುಗಳು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ನನ್ನ ಕಡೆ ನೋಡದೆ ಹೇಳಿದಳು, “ಮೊದಲ್ನೇ ಸಲ ಅತ್ತೋರು ನನ್ನ ಗಂಡ. ಮೂರನೇ ಸಲ ಅತ್ತೋರು ಯಾರೋ ನಂಗೆ ಗೊತ್ತಿಲ್ಲ.”

ನನ್ನ ಪಾರ್ಟಿನಲ್ಲಿ ಆ ಮಾತಿಗೆ ಉತ್ತರ ಬರೆದಿಲ್ಲ.

ನೀನು ಹೇಳಿದಂತೆ ಮಾಡಿದ್ದೇನೆ. ಚೆನ್ನಾಗಿಯೇ ಮಾಡಿದ್ದೇನೆ.

ನಿನ್ನ ಅಪ್ಪ,
ಪಾನಕಾಲರಾವು


ಹೈದರಾಬಾದು
ಆಗಸ್ಟ್ ೬

ಅಪ್ಪ,

ನೋಡಿದೆ. ನಮ್ಮನ್ನೆಲ್ಲ ಸ್ಟುಡಿಯೋದಲ್ಲಿ ಕೂರಿಸಿ ದೊಡ್ಡ ಪರದೆಯ ಮೇಲೆ ತೋರಿಸಿದರು. ತೋರಿಸುವಾಗ ಒಂದು ಕ್ಯಾಮೆರಾ ನನ್ನ ಮುಖದ ಮೇಲೇ ಇತ್ತು. ನಾನೂ ಅತ್ತೆ. ಅಳು ಬಂದು ಅತ್ತೆನೋ, ಅಳಬೇಕಾಗಿದೆ ಅಂತ ಅತ್ತೆನೋ, ಈಗ ನನಗೇ ಹೇಳಲು ಬರುತ್ತಿಲ್ಲ.

ಅವರು ತೋರಿಸಿದ್ದು ಮೂರನೆಯದನ್ನು. ನೀವು ಬರೆಯದಿದ್ದರೂ ನನಗೆ ತಿಳಿಯುತ್ತಿತ್ತು. ಹನಿ ಮೊದಲು ಎಡಗಣ್ಣಿನಿಂದ ಬಂತು, ರಂಗದಲ್ಲಿ ಜನರ ಕಡೆಗಿರುವ ಕಣ್ಣಿನಿಂದ. ಅಜ್ಜಿ ಹೋದ ದಿನ ನೀವು ಅತ್ತದ್ದನ್ನು ನೋಡಿದ್ದೇನೆ. ನಿಜವಾಗಿ ಅತ್ತರೆ ನಿಮ್ಮ ಮೂಗು ಊದುತ್ತದೆ, ಬಾಯಿ ಸೊಟ್ಟಗಾಗುತ್ತದೆ, ನೋಡಲು ಒಂದು ಚೂರೂ ಚೆನ್ನಾಗಿರುವುದಿಲ್ಲ. ಪರದೆಯ ಮೇಲೆ ನೀವು ತುಂಬ ಚೆನ್ನಾಗಿದ್ದಿರಿ.

ಕಡೆಯಲ್ಲಿದ್ದವಳು ಮೊದಲನೆಯವಳಾದೆ. ಅದೇ ಹಾಡು, ಅದೇ ಗಂಟಲು. ಕಪ್ಪು ಕನ್ನಡಕದವರು ಕನ್ನಡಕ ತೆಗೆದು, “ಇಷ್ಟು ದಿನ ನಾನು ಇದನ್ನ ಗಟ್ಟಿ ಅಂತಿದ್ದೆ. ಇದು ಹಸಿವಿನ ಧ್ವನಿ ಕಣಮ್ಮಾ” ಅಂದರು. ಗೌರೀಶ್ವರಿ ರಾತ್ರಿ ದೀಪ ಆರಿಸುವಾಗ, “ಬಿಡು, ಈಗ ನಿಂದೂ ಚೆನ್ನಾಗಿ ಓಡ್ತಿದೆ” ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಅಪ್ಪ ನಿಜವಾಗಿಯೂ ವಾಪಸು ಬಂದಿಲ್ಲ.

ಅಮ್ಮ ನೋಡಿದಳಾ? ಏನಂದಳು? ನೀವು ಕಾಗದದಲ್ಲಿ ಅಮ್ಮನ ವಿಚಾರ ಏನೂ ಬಿಡುವವರಲ್ಲ, ಈ ಸಲವೂ ಬಿಡಬೇಡಿ.

ಹೈಮಾ


ರೇಪಲ್ಲೆ
ಆಗಸ್ಟ್ ೨೭

ಬೇಟೀ ಹೈಮಾ,

ನಿನ್ನ ಸಿಲಾರು ಬಾಬಾಯಿ ಬರೆಯುತ್ತಿರುವುದು. ನಿನ್ನ ಕಾಗದಕ್ಕೆ ಉತ್ತರ ಹಾಕು ಎಂದು ನಿನ್ನಪ್ಪನಿಗೆ ಮೂರು ಸಲ ಹೇಳಿದೆ. ಪೆನ್ನು ತೆಗೆಯುತ್ತಾನೆ, ಇಡುತ್ತಾನೆ. ನಾನು ಹಾರ್ಮೋನಿಯಂ ಮನುಷ್ಯ. ನನಗೆ ಉದ್ದ ಬರೆಯಲು ಬರುವುದಿಲ್ಲ, ನಡೆದದ್ದು ಬರೆಯುತ್ತೇನೆ.

ನಿಮ್ಮ ಮನೆಗೆ ಜನ ಅಕ್ಕಿ ತರುತ್ತಿದ್ದಾರೆ. ಮೊದಲು ಬಂದವರು ನಿಜಾಂಪಟ್ನಂನ ಒಬ್ಬ ಮೇಷ್ಟ್ರು, ಸ್ಕೂಟರಿನ ಮುಂದೆ ಮೂಟೆ ಇಟ್ಟುಕೊಂಡು. ನಿನ್ನಮ್ಮ ಕೋಟೇಶ್ವರಮ್ಮ ಮೂಟೆಯನ್ನು ಮುಟ್ಟಲಿಲ್ಲ. “ಬನ್ನಿ, ಕೈಕಾಲು ತೊಳ್ಕೊಳ್ಳಿ” ಎಂದು ಎಲೆ ಹಾಕಿದಳು. ಅವರು, “ಸ್ವಲ್ಪ ಸಾಕಮ್ಮಾ” ಎಂದರು. “ಸ್ವಲ್ಪ ಯಾಕೆ? ಒಳಗೆ ಇಲ್ಲ ಅಂದ್ಕೊಂಡ್ರಾ?” ಎಂದಳು. ಪಾಪ, ಮೇಷ್ಟ್ರು ಎದ್ದು ನಡೆಯಲಾರದಷ್ಟು ಉಂಡರು. ಮೂಟೆಯನ್ನು ಅದೇ ಸ್ಕೂಟರಿನ ಮೇಲೆ ವಾಪಸು ಕಳಿಸಿದಳು. ಈಗ ಯಾರು ಅಕ್ಕಿ ತಂದರೂ ಇದೇ ಮರ್ಯಾದೆ. ಅಕ್ಕಿ ತರುವುದು ಕಮ್ಮಿಯಾಗಿದೆ, ಊಟದ ಹೊತ್ತಿಗೆ ಬರುವುದು ಹೆಚ್ಚಾಗಿದೆ. ನಾನು ನಕ್ಕೆ. ಅವಳು ನಗಲಿಲ್ಲ.

ಬಾವಿಕಟ್ಟೆಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಗಂಡ ಆಟಕ್ಕೆ ಹೋದಾಗ ಮಗುವನ್ನು ಹಸಿವಿನಲ್ಲಿ ಬಿಟ್ಟವಳು ಅಂತ. ನಿನ್ನ ಬಾಯಿಗೆ ಅವಳು ಅನ್ನ ಕಲಸಿ ಇಟ್ಟದ್ದನ್ನು ನಾನು ನೋಡಿದವನು. ನಾನು ಹೇಳಿದರೆ, ಟಿ.ವಿ.ಯಲ್ಲಿ ಅವಳ ಗಂಡನೇ ಹೇಳಿದ್ದಾನಲ್ಲ ಅನ್ನುತ್ತಾರೆ.

ಮೊನ್ನೆ ಚೀರಾಲದಲ್ಲಿ ಆಟ. ಸ್ಮಶಾನದ ಸೀನು. ನಿನ್ನಪ್ಪ ಕಂಬಳಿ ಹೊದ್ದು ಪದ್ಯ ಮುಗಿಸಿದ. ಆಗ ಒಬ್ಬ ಎದ್ದು ಬಂದು ರಂಗದ ಅಂಚಿನಲ್ಲಿ ಒಂದು ಊಟದ ಪೊಟ್ಟಣ ಇಟ್ಟ. ಹೋಟೆಲಿನದು, ಸಾಂಬಾರು ಸೋರುತ್ತಿತ್ತು. ಜನ ಚಪ್ಪಾಳೆ ಹೊಡೆದು ಒನ್ಸ್ ಮೋರ್ ಎಂದು ಕೂಗಿದರು. ನಾನು ಶ್ರುತಿ ಹಿಡಿದೆ. ಅವನು ಹಾಡಲಿಲ್ಲ. ಮತ್ತೆ ಹಿಡಿದೆ. ಅವನು ಪೊಟ್ಟಣವನ್ನೇ ನೋಡುತ್ತ ನಿಂತಿದ್ದ. ಕಡೆಗೆ ನಾನು ಪೆಟ್ಟಿಗೆ ಮುಚ್ಚಿದೆ. ಅವನ ಜೊತೆ ಬಾರಿಸುತ್ತ ಬಂದಷ್ಟು ಕಾಲದಲ್ಲಿ ಮೊದಲ ಸಲ.

ನೀನು ಚೆನ್ನಾಗಿ ಹಾಡುತ್ತಿದ್ದೀಯ. ಮೊನ್ನೆಯ ಹಾಡಿನ ಕೊನೆಯಲ್ಲಿ ಸ್ವಲ್ಪ ಆತುರವಾಯಿತು.

ಸಿಲಾರು ಬಾಬಾಯಿ


ರೇಪಲ್ಲೆ
ಸೆಪ್ಟೆಂಬರ್ ೯

ಹೈಮಾ,

ನಿನ್ನ ಕಥೆಯ ಮೇಡಂ ಬಂದಿದ್ದರು. ನೀನು ಕೊನೆಯ ಸುತ್ತಿಗೆ ಬಂದೆ ಎಂದು ಸಿಹಿ ಕೊಟ್ಟರು. ಆ ದಿನ ನಡೆಯುವುದೆಲ್ಲ ನಡೆದ ಹಾಗೆಯೇ ಮನೆಮನೆಗೆ ಹೋಗುತ್ತದಂತೆ, ಕತ್ತರಿಸುವುದಿಲ್ಲವಂತೆ. ಅದರಲ್ಲಿ ನನಗೂ ಒಂದು ಪಾರ್ಟು ಇಟ್ಟಿದ್ದಾರೆ. ನಾನು ಕಂಬಳಿ ಹೊದ್ದು ಬರಬೇಕು. ನೀನು ತಟ್ಟೆಯಲ್ಲಿ ಅನ್ನ ತಂದು ನನಗೆ ಮೊದಲ ತುತ್ತು ಉಣ್ಣಿಸಬೇಕು. ‘ಅಪ್ಪನ ಹಸಿವು ತೀರಿಸಿದ ಮಗಳು’ ಎಂದು ಮೇಲೆ ಅಕ್ಷರ ಬರುತ್ತದೆ. ಆಮೇಲೆ ನೀನು ಹಾಡಬೇಕು.

“ನಾನು ಒಪ್ಪದಿದ್ರೆ?” ಎಂದು ಕೇಳಿದೆ. “ಒಪ್ಪದಿದ್ರೂ ಹೈಮಾ ಹಾಡ್ಬಹುದು ಸಾರ್, ಏನೂ ತೊಂದರೆ ಇಲ್ಲ” ಎಂದರು. ನಾಟಕದ ಕಂಟ್ರಾಕ್ಟರರು ಬೇರೆ ರಾಜನನ್ನು ಗೊತ್ತುಮಾಡಿಕೊಂಡ ಮೇಲೆ ನಮ್ಮ ಹತ್ತಿರ ಮಾತಾಡುವ ಧಾಟಿ ಅದು. ನನಗೆ ಅರ್ಥವಾಯಿತು.

ನಿನ್ನಮ್ಮನನ್ನೂ ಬಾ ಎಂದು ಕರೆದೆ. “ಮಗೂಗೆ ಉಣ್ಣಿಸದ ತಾಯಿಗೆ ಅಲ್ಲೇನು ಕೆಲಸ?” ಎಂದಳು.

ನೀನು ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಜ್ವರ ಎಂದು ಹೇಳಿ ಮಲಗುತ್ತೇನೆ. ಯಾವುದಾದರೊಂದು ಬರೆ. ನಾನೇ ಯೋಚನೆ ಮಾಡಿದರೆ ಸರಿಹೋಗುತ್ತಿಲ್ಲ.

ಅಪ್ಪ


ಹೈದರಾಬಾದು
ಸೆಪ್ಟೆಂಬರ್ ೧೫

ಅಮ್ಮಾ,

ಇಷ್ಟು ದಿನ ನಿನಗೆ ಒಂದೂ ಕಾಗದ ಬರೆಯಲಿಲ್ಲ. ಅಪ್ಪನಿಗೆ ಬರೆದರೆ ನೀನು ಓದಿದ ಹಾಗೇ ಅಂದುಕೊಂಡಿದ್ದೆ. ಅದು ಸುಳ್ಳು. ನಿನಗೆ ಬರೆಯಲು ನಾಚಿಕೆಯಾಗುತ್ತಿತ್ತು.

ಆ ಮಾತು ಅಪ್ಪನದಲ್ಲ, ನನ್ನದು. ಕಥೆಯ ಮೇಡಂ, ‘ಚಿಕ್ಕವಳಿದ್ದಾಗ ಹೇಗಿತ್ತು’ ಎಂದು ಕೇಳಿದರು. ಆಟದ ದಿನ ನಾವು ಉಪವಾಸ ಅಂದೆ. ಬರೆಯುತ್ತಿದ್ದವರು ನಿಲ್ಲಿಸಿದರು. “ಅಷ್ಟು ಪುಟ್ಟ ಮಗೂನೂ?” ಅಂದರು. “ಹೂಂ ಮೇಡಂ, ನಾನೂ” ಅಂದೆ. ಅವರ ಕಣ್ಣು ತುಂಬಿತು ಅಮ್ಮಾ, ಆದರೆ ಮುಖದಲ್ಲಿ ಸಂತೋಷ. ಹುಡುಕುತ್ತಿದ್ದದ್ದು ಸಿಕ್ಕಿದವರ ಹಾಗೆ. ಆಗ ನನಗೆ ಹೊಳೆಯಿತು, ಅವರು ಯಾವ ಉಪವಾಸ ಅಂದುಕೊಂಡರು ಅಂತ. ‘ಅಯ್ಯೋ, ಅದಲ್ಲ ಮೇಡಂ, ಅದು ನಮ್ಮ ಪದ್ಧತಿ, ಆಟ ಮುಗಿದ ಮೇಲೆ ಅಮ್ಮ ನನಗೆ ನಿದ್ದೆಯಲ್ಲೂ ಉಣ್ಣಿಸುತ್ತಿದ್ದಳು’ ಅನ್ನಬೇಕಿತ್ತು. ನಾಲಿಗೆಯ ತನಕ ಬಂತು. ಮರುದಿನ ನಮ್ಮಲ್ಲೊಬ್ಬರನ್ನು ಹೊರಗೆ ಕಳಿಸುವವರಿದ್ದರು. ಸುಮ್ಮನಾದೆ.

ಅಪ್ಪನಿಗೆ ಬನ್ನಿ ಅಂತ ಬರೆದಿದ್ದೇನೆ. ಟಿ.ವಿ.ಯವರು ಅನ್ನದ ತಟ್ಟೆ ತರಲಿ. ಆ ದಿನ ಏನು ಹೇಳಿದರೂ ಕತ್ತರಿಸಲಾಗುವುದಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಹೇಳುತ್ತೇನೆ, ಉಪವಾಸ ಅಂದರೆ ನಮ್ಮ ಮನೆಯಲ್ಲಿ ಏನು ಅಂತ. ನಿನ್ನ ಹೆಸರು ಹೇಳುತ್ತೇನೆ. ಸೋತರೆ ಸೋತೆ.

ನೀನು ನೋಡು. ತಪ್ಪದೆ ನೋಡು.

ನಿನ್ನ
ಹೈಮಾ


ಹೈದರಾಬಾದು
ಸೆಪ್ಟೆಂಬರ್ ೨೫

ಅಮ್ಮಾ,

ನೀನು ನೋಡಿರುತ್ತೀಯ. ಆದರೂ ನನ್ನ ಕೈಯಾರೆ ಬರೆಯಬೇಕು.

ಅಪ್ಪ ಕಂಬಳಿ ಹೊದ್ದು ಬಂದರು. ಮುಖಕ್ಕೆ ಬಣ್ಣ ಹಚ್ಚಿ ಕಣ್ಣ ಕೆಳಗೆ ಕಪ್ಪು ಬಳಿದಿದ್ದರು. ಜನ ಎದ್ದು ನಿಂತರು. ನನ್ನ ಒಂದು ಕೈಗೆ ತಟ್ಟೆ ಕೊಟ್ಟರು, ಇನ್ನೊಂದರಲ್ಲಿ ಮೈಕಿತ್ತು. ನಾನು ಶುರುಮಾಡಿದೆ. “ಎಲ್ಲರಿಗೂ ಒಂದು ಮಾತು ಹೇಳಬೇಕು. ನಮ್ಮ ಮನೇಲಿ ಉಪವಾಸ ಅಂದ್ರೆ” ಅಂದೆ. ಅಷ್ಟೇ ಅಂದದ್ದು.

ಅಪ್ಪ ನನ್ನ ಮುಖ ನೋಡಿದರು. ಅವರಿಗೆ ನಾನು ಏನೂ ತಿಳಿಸಿರಲಿಲ್ಲ. ಆದರೆ ನಾನು ಯಾವ ಪದಕ್ಕೆ ಬಾಯಿ ತೆರೆಯುತ್ತೇನೆ ಅಂತ ನನ್ನ ಉಸಿರಿನಿಂದಲೇ ಹೇಳಬಲ್ಲವರು ಅವರು. ಮುಂದಿನ ಮಾತು ಬಂದರೆ ನಾನು ಸೋಲುತ್ತೇನೆ ಅಂತ ಅವರಿಗೆ ತಿಳಿಯಿತು. ಒಂದೇ ಹೆಜ್ಜೆಗೆ ಬಂದು ತಟ್ಟೆಗೆ ಕೈ ಹಾಕಿದರು. ನಾನು ಉಣ್ಣಿಸುವ ತನಕವೂ ಕಾಯಲಿಲ್ಲ. ಬಾಯಿ ತುಂಬ ತುರುಕಿಕೊಂಡು, ಗಲ್ಲದ ಮೇಲೆ ಅಗುಳು ಉದುರಿಸಿಕೊಂಡು, ದೊಡ್ಡ ಧ್ವನಿಯಲ್ಲಿ ಅತ್ತರು. “ನನ್ನ ಮಗಳು ಅನ್ನ ಹಾಕಿದಳು ತಂದೆಗಳಿರಾ” ಅಂದರು. ಮೈಕೇ ಬೇಕಾಗಲಿಲ್ಲ. ಬಣ್ಣ ಹಚ್ಚಿದ ಮೇಲೆ ಅಪ್ಪ ಅನ್ನ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಜನರ ಅಳು, ಚಪ್ಪಾಳೆ. ಆ ಗದ್ದಲ ಇಳಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಅಪ್ಪನ ಮೇಲೆ ಹಾಕಿ ಬರೆಯಲು ಹೊರಟಿದ್ದೆ ಅಮ್ಮಾ. ಅಪ್ಪ ನನ್ನ ಮಾತು ತಡೆದರು ಅಂತ. ಆದರೆ ಆ ಸುಮ್ಮನಿದ್ದ ಹೊತ್ತಿನಲ್ಲಿ ಮೈಕು ನನ್ನ ಕೈಯಲ್ಲೇ ಇತ್ತು. ಅರ್ಧ ಹೇಳಿದ ಮಾತನ್ನು ಪೂರ್ತಿ ಮಾಡಬಹುದಿತ್ತು. ನಾನು ತಟ್ಟೆಯನ್ನು ಕೆಳಗಿಟ್ಟೆ. ಹಾಡಿದೆ. ಗೆದ್ದೆ.

ಆಮೇಲೆ ಅಪ್ಪ ಸ್ಟುಡಿಯೋದ ಹಿಂದಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಹೋಗಿ ಪಕ್ಕದಲ್ಲಿ ನಿಂತೆ. “ಉಪ್ಪು ಜಾಸ್ತಿ ಹಾಕಿದಾರೆ ಕಣೇ” ಅಂದರು. ರಾತ್ರಿಯ ರೈಲಿಗೆ ಹೋದರು.

ನನ್ನ ಫೋನು ವಾಪಸು ಕೊಟ್ಟಿದ್ದಾರೆ. ನಿನ್ನ ಹೆಸರು ತೆರೆದು ನೋಡುತ್ತೇನೆ, ಒತ್ತಲು ಆಗುವುದಿಲ್ಲ. ಹನ್ನೆರಡನೇ ತಾರೀಖು ಊರಿನಲ್ಲಿ ಮೆರವಣಿಗೆ ಇಟ್ಟಿದ್ದಾರಂತೆ. ಮನೆಗೆ ಬರಲಾ? ನೀನು ಬಾ ಅಂದರೆ ಮಾತ್ರ ಬರುತ್ತೇನೆ.

ಹೈಮಾ


ರೇಪಲ್ಲೆ
ಅಕ್ಟೋಬರ್ ೪

ಹೈಮಾ,

ನಿನ್ನ ಎರಡು ಕಾಗದವೂ ಬಂತು. ನಾನೇ ಓದಿದೆ. ನಿಮ್ಮಪ್ಪನಿಗೆ ತೋರಿಸಲಿಲ್ಲ. ನಂಗೆ ನಿಮ್ಮ ಹಾಗೆ ಬರೆಯೋಕೆ ಬರಲ್ಲ, ಮಾತಾಡೋ ಹಾಗೆ ಬರೀತೀನಿ.

ನೀನು ಹೇಳ್ತೀನಿ ಅಂದಿದ್ಯಲ್ಲ, ಅದಕ್ಕೆ ಆವತ್ತು ಬೀದಿಯೋರನ್ನೆಲ್ಲ ನಾನೇ ಮನೆಮನೆಗೆ ಹೋಗಿ ಕರೆದೆ. ಬಾವಿಕಟ್ಟೆ ಹೆಂಗಸರನ್ನ ಮೊದಲು ಕರೆದೆ. ಹುಣಸೆ ಹಿಂಡಿ ಪುಲಿಹೋರ ಅನ್ನ ಮಾಡಿಟ್ಟಿದ್ದೆ, ಆದ ಮೇಲೆ ಎಲ್ಲರಿಗೂ ಕೊಡೋಣ ಅಂತ. ‘ನಮ್ಮ ಮನೇಲಿ ಉಪವಾಸ ಅಂದ್ರೆ’ ಅಂತ ನೀನು ಅಂದಾಗ ನಾನು ಸೀತಾರಾವಮ್ಮನ ಮೊಣಕೈ ತಿವಿದೆ, ಕೇಳು ಅಂತ.

ಆಮೇಲೆ ಎಲ್ಲರೂ ಎದ್ದು ಹೋದರು. ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು. ಸೀತಾರಾವಮ್ಮ ಹೋಗ್ತಾ ಟಿ.ವಿ. ಆರಿಸಿ ಹೋದಳು. ಪುಲಿಹೋರ ಹಂಗೇ ಉಳೀತು.

ಅಕ್ಕಿ ತರೋರಿಗೆ ಈಗ ಎಲೆ ಹಾಕೋದು ಬಿಟ್ಟಿದೀನಿ. ತಂದ್ರೆ ತಗೋತೀನಿ, ಜಗಲಿ ಮೇಲೆ ಇಡೋಕೆ ಹೇಳ್ತೀನಿ. ಇಲ್ಲ ಅಂತ ಯಾರ ಹತ್ರ ವಾದ ಮಾಡೋದು? ನಿಮ್ಮಪ್ಪ ಅಂಗಡಿಗೆ ಹೋಗ್ತಾರೆ, ಬರ್ತಾರೆ. ಬಡಿಸಿದ್ರೆ ತಲೆ ಬಗ್ಗಿಸಿ ಉಣ್ತಾರೆ. ಸಾಲದಿದ್ರೂ ಇನ್ನೊಂದು ಸಲ ಹಾಕು ಅನ್ನಲ್ಲ. ಅವರು ನಿನಗೋಸ್ಕರ ಮಾಡಿದ್ರು, ನಂಗೆ ಗೊತ್ತು. ನೀನು ಯಾಕೆ ಸುಮ್ಮನಾದೆ ಅನ್ನೋದೂ ಗೊತ್ತು. ಇಪ್ಪತ್ತೆರಡು ವರ್ಷದ ಹುಡುಗಿ, ಅಷ್ಟು ದೀಪದ ಎದುರಿಗೆ. ಗೊತ್ತಾಗಲ್ಲ ಅಂತ ಅಲ್ಲ.

ಬರಲಾ ಅಂತ ಕೇಳಿದೀಯ. ನಿನ್ನ ಮನೆಗೆ ನೀನು ಬರೋಕೆ ನನ್ನ ಕೇಳ್ಬೇಕಾ? ಮೆರವಣಿಗೆ ಮುಗಿಸ್ಕೊಂಡು ಬಾ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೀನಿ. ಹಳದಿ ಲಂಗ ಬಿಗಿಯಾಗಿತ್ತು, ಬಿಚ್ಚಿ ಸಡಿಲ ಮಾಡಿಟ್ಟಿದೀನಿ. ಎಷ್ಟು ದಿನ ಬೇಕಾದ್ರೂ ಇರು.

ನಿನ್ನೆ ಬೆಳಿಗ್ಗೆ ಅಭ್ಯಾಸದಲ್ಲಿ ನಿನ್ನ ತಟ್ಟೆ ತೆಗೆದು ತೊಳೆದೆ. ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತೆ. ನಿನ್ನ ಮುಂದೆ ಅದನ್ನ ಇಟ್ಟು ಬಡಿಸೋದನ್ನ ನೆನೆಸ್ಕೊಂಡ್ರೆ ಯಾರೋ ಎಲ್ಲಿಂದಲೋ ನೋಡ್ತಿದಾರೆ ಅನ್ನಿಸ್ತು. ಒಂದು ಸೌಟು ಜಾಸ್ತಿ ಹಾಕಿದ್ರೆ ತೋರಿಸ್ಕೊಳ್ಳೋಕೆ ಹಾಕಿದಳು ಅಂತಾರೆ, ಕಮ್ಮಿ ಹಾಕಿದ್ರೆ ಆಗ್ಲೂ ಹಿಂಗೇ ಹಾಕ್ತಿದ್ದಳು ಅಂತಾರೆ. ನೀನೂ ನನ್ನ ಕೈಯನ್ನೇ ನೋಡ್ತೀಯ, ನಾನೂ ನನ್ನ ಕೈಯನ್ನೇ ನೋಡ್ಕೋತೀನಿ.

ಕೋಪ ಅಂದ್ಕೋಬೇಡ. ಸ್ವಲ್ಪ ದಿನ ಹೋಗ್ಲಿ.

ಬರೋವಾಗ ತೆನಾಲಿಯಲ್ಲಿ ಇಳಿದು ಊಟ ಮಾಡ್ಕೊಂಡು ಬಾ.

ಅಮ್ಮ